ಹನ್ನೊಂದು ಹೆಸರುಗಳ ನಕ್ಷೆ

ನೀರಲಕೊಪ್ಪ, ತಾ. ಹಾನಗಲ್
12 ಜನವರಿ 2025

ಗುಲ್ನಾರ ಅಕ್ಕೋರಿಗೆ ಸಂಘಮಿತ್ರಾಳ ನಮಸ್ಕಾರಗಳು.

ಮೊನ್ನೆ ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ತಮ್ಮನ ಹೆಂಡತಿ ದಿಲ್ಶಾದ ಅವರು ಸಿಕ್ಕಿದ್ದರು. "ಅಕ್ಕಗ ಈಗ ಫೋನಿನ್ಯಾಗ ಏನೂ ಕೇಳಸಂಗಿಲ್ಲ. ಮೆಸೇಜ್ ಕಳಸಿದ್ರ ಬೈತಾಳ. ಪತ್ರ ಬರದ್ರ ಮಾತ್ರ ಉತ್ತರ ಕೊಡ್ತಾಳ," ಎಂದರು. ಹಿರೇಕೆರೂರಿನ ಹೈಸ್ಕೂಲಿನಲ್ಲಿ ನೀವು ನನಗೆ ವಿಜ್ಞಾನ ಕಲಿಸಿ ಹದಿನಾರು ವರ್ಷವಾಯಿತು. ಇಷ್ಟು ವರ್ಷ ಬರೆಯಲಿಲ್ಲ ಎಂದು ಬೈಯುವುದಿದ್ದರೆ ಬೈಯಿರಿ. ಆಮೇಲೆ ಇದರ ಜೊತೆಗಿರುವ ದೊಡ್ಡ ಹಾಳೆಯನ್ನು ಬಿಡಿಸಿ ನೋಡಿ.

ಇದು ನಮ್ಮೂರ ಕೆರೆಯ ನಕ್ಷೆ, ಝೆರಾಕ್ಸ್ ಪ್ರತಿ. ನಾನು ಇಲ್ಲಿಯ ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ಶುಕ್ರವಾರ ಕೊನೆಯ ಎರಡು ಪಿರಿಯಡ್ ಒಂಬತ್ತನೇ ಈಯತ್ತೆಯನ್ನು ಕೆರೆಗೆ ಕರೆದುಕೊಂಡು ಹೋಗುತ್ತೇನೆ. ಮೂರೇ ಪ್ರಶ್ನೆ: ಈ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ನಡುವೆ ಯಾರು ಯಾರು ಬದುಕುತ್ತಾರೆ. ಜೂನ್‌ನಿಂದ ಮಕ್ಕಳು ಅದಕ್ಕೆ ಉತ್ತರ ಹುಡುಕುತ್ತಿದ್ದಾರೆ. ಡಿಸೆಂಬರಿನಲ್ಲಿ ಬಂದ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸಿದ್ದಾರೆ, ಏಡಿಯ ಬಿಲ ಎಣಿಸಿದ್ದಾರೆ, ಯಾವ ಹೊತ್ತಿಗೆ ಯಾರ ಎಮ್ಮೆ ನೀರಿಗೆ ಬರುತ್ತದೆ ಎಂದೂ ಬರೆದಿದ್ದಾರೆ. ನೀರು ಹಿಂದೆ ಸರಿದ ಮೇಲೆ ಹಗ್ಗ, ಗೂಟ ಹಿಡಿದು ಕೆರೆಯ ಅಂಗಳವನ್ನೇ ಅಳೆದರು. ಹನ್ನೊಂದು ಮನೆಯವರು ಅಲ್ಲಿ ನೆಲದ ಪಟ್ಟಿ ಮಾಡಿಕೊಂಡಿದ್ದಾರೆ. ಹೆಸರಿಲ್ಲದ ಗುರುತು ಗುರುತೇ ಅಲ್ಲ ಎಂದು ನೀವು ನಮಗೆ ಹೇಳುತ್ತಿದ್ದಿರಿ, ನಾನೂ ಅದನ್ನೇ ಹೇಳಿದೆ. ಹೀಗಾಗಿ ಪ್ರತಿ ಪಟ್ಟಿಯ ಮೇಲೂ ಹೆಸರಿದೆ. ಮೂಡಣ ದಂಡೆ ಮಾತ್ರ ಖಾಲಿ ಉಳಿದಿದೆ. ಅಲ್ಲಿ ತಂತಿಬೇಲಿ ಇದೆ, ಬೇಲಿಯೊಳಗೆ ನಾಯಿಗಳಿವೆ.

ಅಕ್ಷರ ಎಲ್ಲ ಮಾಲಾ ಎಂಬ ಹುಡುಗಿಯದು. ಹಗ್ಗದ ಒಂದು ತುದಿ ಅವಳ ಕೈಯಲ್ಲೇ ಇತ್ತು, ಬೇರೆಯವರಿಗೆ ಕೊಡಲಿಲ್ಲ. ತಾಲೂಕಿನ ವಿಜ್ಞಾನ ಪ್ರದರ್ಶನದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ನಿಮಗೆ ತೋರಿಸದೆ ಸಮಾಧಾನ ಆಗಲಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಸಂಘಮಿತ್ರಾ

*

ಸವಣೂರು
20 ಜನವರಿ 2025

ಸಂಘಮಿತ್ರಾ,

ನಿನ್ನ ಅಕ್ಷರ ಈಗಲೂ ಇರುವೆ ಸಾಲು ಹೋದ ಹಾಗೇ ಇದೆ. ಓದಲು ದಿಲ್ಶಾದಳ ಕನ್ನಡಕ ಕಡ ತರಬೇಕಾಯಿತು. ಹದಿನಾರು ವರ್ಷದ ಲೆಕ್ಕ ಆಮೇಲೆ ನೋಡೋಣ.

ನಕ್ಷೆಯನ್ನು ಎಲೆ ಕಟ್ಟುವ ಜಗಲಿಯ ಮೇಲೆ ಹಾಸಿ ಎರಡು ದಿನ ನೋಡಿದೆ. ವೀಳ್ಯದೆಲೆಯ ಕಟ್ಟುಗಳನ್ನೆಲ್ಲ ನನ್ನ ತಮ್ಮ ಪಕ್ಕಕ್ಕೆ ಸರಿಸಿಕೊಂಡು ಗೊಣಗಿದ. ಅವನು ಗೊಣಗಿದ್ದು ನನಗೆ ಕೇಳಿಸುವುದಿಲ್ಲ, ಅದೊಂದು ಅನುಕೂಲ. ಅಳತೆ ಪಟ್ಟಿ, ದಿಕ್ಕಿನ ಗುರುತು, ನೀರಿನ ಗೆರೆ ಯಾವ ತಾರೀಖಿಗೆ ಎಲ್ಲಿತ್ತು ಎಂಬುದು, ಎಲ್ಲವೂ ಇದೆ. ಇಪ್ಪತ್ತೊಂಬತ್ತು ವರ್ಷ ಕಲಿಸಿದೆ. ನನ್ನ ಒಂದು ತಂಡದವರೂ ಇಂಥದ್ದನ್ನು ಮಾಡಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿದುಕೊಂಡು ಉಬ್ಬಬೇಡ.

ಕೆರೆಯೊಳಗೆ ಹನ್ನೊಂದು ಜನ ಪಟ್ಟಿ ಮಾಡಿಕೊಂಡು ಕೂತಿದ್ದಾರೆ ಎಂದರೆ ಇನ್ನು ಹತ್ತು ವರ್ಷಕ್ಕೆ ಕೆರೆ ಎಲ್ಲಿರುತ್ತದೆ? ಹಿರೇಕೆರೂರಿನಲ್ಲಿ ನಾನಿದ್ದಾಗ ನಮ್ಮ ಶಾಲೆಯ ಹಿಂದಿನ ಹೊಂಡ ಹೀಗೆಯೇ ಹೋಯಿತು. ಮೊದಲು ಒಬ್ಬ ತಿಪ್ಪೆ ಹಾಕಿದ, ಆಮೇಲೆ ಒಬ್ಬ ಬಣವೆ ಒಟ್ಟಿದ, ಆಮೇಲೆ ಗೋಡೆ ಎದ್ದಿತು. ನಾನು ಪಾಠ ಮಾಡುತ್ತ ಕಿಟಕಿಯಿಂದ ಎಲ್ಲ ನೋಡಿದೆ. ಒಂದು ಅರ್ಜಿ ಬರೆಯಲಿಲ್ಲ. ಆ ಸಿಟ್ಟು ನನ್ನ ಮೇಲೆ ನನಗೆ ಇನ್ನೂ ಇದೆ.

ಮಕ್ಕಳಿಗೆ ಹೇಳು, ಮಾಡಿದ ಕೆಲಸ ಬಹುಮಾನಕ್ಕೇ ನಿಲ್ಲಬಾರದು. ಈ ಹಾಳೆ ಗೋಡೆಯ ಮೇಲೆ ತೂಗುಹಾಕಲಿಕ್ಕೆ ಆದದ್ದಲ್ಲ.

ದಿಲ್ಶಾದ ತಿನ್ನಲು ಸವಣೂರು ಖಾರದ ಪಾಕೀಟು ಕಳಿಸಿದ್ದಾಳೆ. ಮಾಲಾಗೂ ಕೊಡು.

ಗುಲ್ನಾರ

*

ನೀರಲಕೊಪ್ಪ
7 ಫೆಬ್ರವರಿ 2025

ಅಕ್ಕೋರಿಗೆ ನಮಸ್ಕಾರ.

ಖಾರ ಮಾಲಾಗೆ ಕೊಡಲು ಆಗಲಿಲ್ಲ. ಅವಳು ಮೂರು ದಿನದಿಂದ ಶಾಲೆಗೆ ಬಂದಿಲ್ಲ.

ಬುಧವಾರ ಹನ್ನೊಂದು ಮನೆಗೂ ಹಾನಗಲ್ಲಿನ ತಹಶೀಲ್ದಾರ ಕಚೇರಿಯಿಂದ ನೋಟೀಸು ಬಂತು. ಕೆರೆಯ ಜಾಗ ಒತ್ತುವರಿ ಮಾಡಿಕೊಂಡಿದ್ದೀರಿ, ತೆರವು ಯಾಕೆ ಮಾಡಬಾರದು ಎಂದು 25ನೇ ತಾರೀಖಿಗೆ ಬಂದು ಹೇಳಿ, ಅಲ್ಲಿಯತನಕ ಏನೂ ಬಿತ್ತಬೇಡಿ ಎಂದಿದೆ. ಮಾಲಾಳ ತಾಯಿಗೆ ಬಂದ ನೋಟೀಸಿನಲ್ಲಿ 'ಬಾವಿಮನಿ ಕರೆವ್ವ' ಎಂದು ಬರೆದಿದೆ. ರೇಷನ್ ಕಾರ್ಡಿನಲ್ಲಾಗಲಿ ವೋಟಿನ ಪಟ್ಟಿಯಲ್ಲಾಗಲಿ ಆ ಹೆಸರಿಲ್ಲ. ಊರವರು ಕರೆಯುವ ಹೆಸರು ಅದು, ನಮ್ಮ ನಕ್ಷೆಯಲ್ಲಿ ಮಾತ್ರ ಇದೆ. ಉಳಿದ ಹೆಸರುಗಳೂ ನಕ್ಷೆಯಲ್ಲಿರುವ ಸಾಲಿನಲ್ಲೇ ಇವೆ. ಸರ್ಕಾರಿ ಕಾಗದ ನನ್ನ ಮಕ್ಕಳ ಹಾಳೆಯನ್ನು ನೋಡಿ ನಕಲು ಮಾಡಿದೆ ಅಕ್ಕೋರ.

ನಿನ್ನೆ ಕರೆವ್ವ ಶಾಲೆಯ ಗೇಟಿಗೆ ಬಂದಿದ್ದಳು. ಒಳಗೆ ಬನ್ನಿ ಎಂದೆ, ಬರಲಿಲ್ಲ. "ನೀವು ಬರಸಿದ್ರಿ, ನಮ್ಮ ಹುಡುಗಿ ಬರದ್ಲು. ತನ್ನ ಕೈಯಾರೆ ತನ್ನವ್ವನ ಹೆಸರು ಬರದ್ಲು. ನಾ ಸಾಲಿ ಕಲಿಲಿಲ್ಲ, ಅಕಿ ಕಲೀಲಿ ಅಂತ ಕಳಿಸಿದ್ದೆ. ಇದನ್ನ ಕಲಸಾಕ?" ಎಂದು ಕೇಳಿ ಹೋದಳು.

ಪ್ರದರ್ಶನದ ದಿನ ನಮ್ಮ ಶಾಲಾ ಸಮಿತಿಯ ಅಧ್ಯಕ್ಷ ಮಹಾಂತೇಶ ಅವರು ಮೊಬೈಲಿನಲ್ಲಿ ನಕ್ಷೆಯ ಫೋಟೋ ತೆಗೆದುಕೊಂಡಿದ್ದರು. ಮೂಡಣ ದಂಡೆಯ ತಂತಿಬೇಲಿ ಅವರದೇ. ಹೆಡ್‌ಮಾಸ್ತರರ ಕೋಣೆಯಲ್ಲಿ ಎಲ್ಲರ ಮುಂದೆ ಕೇಳಿಯೇಬಿಟ್ಟೆ, ಮಕ್ಕಳ ಕೆಲಸವನ್ನು ಕಚೇರಿಗೆ ಕೊಟ್ಟವರು ನೀವೇ ಅಲ್ಲವೇ ಎಂದು. ಅವರು ಚಹಾದ ಕಪ್ಪು ಕೆಳಗಿಟ್ಟು, "ನಾ ಕೊಟ್ಟಿಲ್ಲ. ಆಣೆ ಮಾಡಿ ಹೇಳ್ತೇನಿ. ನೀವು ಹೇಳಿದ್ದನ್ನ ಮಾತ್ರ ನಾ ಮರಿಯಂಗಿಲ್ಲ ಮೇಡಂ," ಎಂದರು. ಹೆಡ್‌ಮಾಸ್ತರರು ಕಿಟಕಿ ನೋಡುತ್ತ ಕೂತರು.

25ಕ್ಕೆ ನಾನೂ ಬರಬೇಕಂತೆ. ನಕ್ಷೆ ಸರಿಯಾಗಿದೆ ಎಂದು ಸಹಿ ಹಾಕಬೇಕಂತೆ. ಏನು ಮಾಡಲಿ ಹೇಳಿ. ಇಲ್ಲಿ ಕೇಳಲು ನನಗೆ ಬೇರೆ ಯಾರೂ ಇಲ್ಲ.

ಸಂಘಮಿತ್ರಾ

*

ಸವಣೂರು
11 ಫೆಬ್ರವರಿ 2025

ಸಂಘಮಿತ್ರಾ,

ನಕ್ಷೆ ಸರಿ ಇದೆಯೋ ಇಲ್ಲವೋ? ಸರಿ ಇದ್ದರೆ ಸಹಿ ಹಾಕು. ತಪ್ಪಿದ್ದರೆ ತಪ್ಪು ಎಂದು ಹೇಳು. ಅಳೆದವರು ಅಳತೆಗೆ ಹೆದರಿದರೆ ಮಕ್ಕಳು ನಿನ್ನಿಂದ ಕಲಿಯುವುದೇನು?

ಒತ್ತುವರಿ ಮಾಡಿದವರು ಅಳುತ್ತಲೇ ಇರುತ್ತಾರೆ. ನಮ್ಮ ಹೊಂಡ ತಿಂದವನೂ ಅತ್ತಿದ್ದ. ಹುಡುಗಿ ನಾಲ್ಕು ದಿನ ಮುನಿಸಿಕೊಂಡು ಆಮೇಲೆ ಬರುತ್ತಾಳೆ.

ಯಾರು ಕೊಟ್ಟರು ಎಂದು ಹುಡುಕುತ್ತ ಹೋಗಬೇಡ. ಅದರಿಂದ ಕೆರೆಗೆ ಏನೂ ಆಗುವುದಿಲ್ಲ. ಆ ಮಹಾಂತೇಶ ಅವರನ್ನು ಸುಮ್ಮನೆ ಅನ್ನಬೇಡ. ಆಣೆ ಮಾಡಿದ್ದಾರೆ ಎನ್ನುತ್ತೀಯಲ್ಲ.

ದಿಲ್ಶಾದಳಿಗೆ ಮೈ ಸರಿಯಿಲ್ಲ, ಹೆಚ್ಚು ಬರೆಯಲು ಆಗುವುದಿಲ್ಲ.

ಗುಲ್ನಾರ

*

ನೀರಲಕೊಪ್ಪ
15 ಫೆಬ್ರವರಿ 2025

ಅಕ್ಕೋರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರತಿ ಸಲವೂ ಸಿಟ್ಟು ಬಂತು. ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡದ್ದು ಇದೇ ಮೊದಲು, ಹೀಗಾಗಿ ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಒತ್ತುವರಿ ಮಾಡಿದವರು ಎಂದು ಬರೆದಿದ್ದೀರಿ. ಅವರು ಯಾರೆಂದು ನಾನು ನಿಮಗೆ ಹೇಳಿರಲಿಲ್ಲ. ಬೇಕೆಂದೇ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಈ ಹನ್ನೊಂದು ಮನೆಯವರಿಗೆ ಒಂದು ಗುಂಟೆ ಹೊಲವಿಲ್ಲ. ಎಳ್ಳಮಾವಾಸ್ಯೆಗೆ ಮುಂಚೆ ಕೆರೆಯ ನೀರು ಹಿಂದೆ ಸರಿಯುತ್ತದೆ. ಆಗ ಅವರಲ್ಲೇ ಒಬ್ಬನಾದ ಅಜ್ಜಪ್ಪ ಎಂಬ ಹಿರಿಯ ಹಗ್ಗ ಹಾಕಿ ಅಂಗಳವನ್ನು ಹನ್ನೊಂದು ಪಟ್ಟಿ ಮಾಡುತ್ತಾನೆ. ಒಂದೊಂದು ಆರು ಗುಂಟೆ. ಆ ಹಸಿಯಲ್ಲಿ ಸೌತೆ, ಕಲ್ಲಂಗಡಿ, ಹೆಸರುಕಾಳು ಹಾಕುತ್ತಾರೆ. ನೇಗಿಲು ಹೂಡುವಂತಿಲ್ಲ, ಬದು ಹಾಕುವಂತಿಲ್ಲ, ಕೀಟಕ್ಕೆ ಎಣ್ಣೆ ಹೊಡೆಯುವಂತಿಲ್ಲ. ಹೊಡೆದವನಿಗೆ ಮರುವರ್ಷ ಪಟ್ಟಿ ಇಲ್ಲ. ಕೈಯಿಂದ ಗುಳಿ ಮಾಡಿ ಬೀಜ ಊರುತ್ತಾರೆ, ಮೇ ತಿಂಗಳಿಗೆ ಕಿತ್ತುಕೊಳ್ಳುತ್ತಾರೆ. ಮಳೆ ಬಂದರೆ ಎಲ್ಲ ನೀರಿನ ಕೆಳಗೆ. ಮರುವರ್ಷ ಅದೇ ಪಟ್ಟಿ ಅವರಿಗೆ ಸಿಗುವುದಿಲ್ಲ. ಹೋದ ವರ್ಷ ಮೇಲಿನ ಒಣ ಅಂಚು ಸಿಕ್ಕವರಿಗೆ ಈ ವರ್ಷ ಕೆಳಗಿನ ಹಸಿ. ಈ ವರ್ಷ ಮೇಲಿನ ಅಂಚು ಕರೆವ್ವನ ಪಾಲಿಗೆ ಬಂದಿದೆ.

ನಮ್ಮ ತಪ್ಪು ಅಲ್ಲೇ ಆಯಿತು. ಒಂದು ಬೇಸಿಗೆಗೆ ಮಾತ್ರ ನಿಜವಾದದ್ದನ್ನು ನಾನು ಶಾಯಿಯಲ್ಲಿ ಬರೆಸಿದೆ. ಹಗ್ಗ ತೆಗೆದರೆ ಹೋಗುವ ಗುರುತು ಅದು. ನನ್ನ ನಕ್ಷೆಯಲ್ಲಿ ಅದು ಹನ್ನೊಂದು ಜನರ ಕಬ್ಜಾ ಇದ್ದಂತೆ ಕಾಣುತ್ತದೆ.

ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಬೆಳೆದದ್ದೇ ಇಂಥ ಪಟ್ಟಿಯ ಮೇಲೆ. ಹಿರೇಕೆರೂರಿನ ಸಂತೆಯಲ್ಲಿ ನಮ್ಮವ್ವ ಶಂಕ್ರವ್ವ ಕೆರೆಯಂಗಳದ ಸೌತೆಕಾಯಿ ಮಾರುತ್ತಿದ್ದಳು. ನಾನು ಹತ್ತನೇ ಈಯತ್ತೆಯಲ್ಲಿದ್ದಾಗ ನೀವು ಒಮ್ಮೆ ಅವಳ ಹತ್ತಿರ ಕೊಂಡಿರಿ. ಒಂದನ್ನು ಮುರಿದು ರುಚಿ ನೋಡಿ ಕಹಿ ಇಲ್ಲ ಎಂದಿರಿ. ನಾನು ಗೋಣಿಚೀಲದ ಹಿಂದೆ ತಲೆ ತಗ್ಗಿಸಿ ಕೂತಿದ್ದೆ. ನಿಮಗೆ ಬರೆಯುವಾಗ ಆ ನಾಚಿಕೆ ಇನ್ನೂ ನನ್ನ ಪೆನ್ನು ಹಿಡಿಯಿತು. 'ಪಟ್ಟಿ ಮಾಡಿಕೊಂಡಿದ್ದಾರೆ' ಎಂದು ಬರೆದು ಮುಗಿಸಿದೆ. ನಾನೂ ಅವರವಳೇ ಎಂದು ನಿಮಗೆ ತಿಳಿಯದಿರಲಿ ಎಂದುಕೊಂಡೆ.

ಈಗ ಹಸಿ ಆರುತ್ತಿದೆ. ಅಜ್ಜಪ್ಪ ದಿನಾ ಮುಂಜಾನೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾನೆ. ಮೇಲಿನ ಅಂಚಿಗೆ ಇನ್ನು ಹತ್ತು ದಿನ, ಕೆಳಗೆ ಇಪ್ಪತ್ತು ದಿನ ಎನ್ನುತ್ತಾನೆ. ವಿಚಾರಣೆ ಮುಂದಕ್ಕೆ ಹೋದರೆ ಬಿತ್ತುವುದೇ ಇಲ್ಲ. ಬೀಜ ಗಡಿಗೆಯಲ್ಲೇ ಉಳಿಯುತ್ತದೆ. ಮಾಲಾಳ ಹತ್ತನೇ ಈಯತ್ತೆ ಆ ಸೌತೆಕಾಯಿಯ ಮೇಲೆಯೇ ನಿಂತಿದೆ.

ಸಹಿ ಹಾಕು ಎಂದು ಎಷ್ಟು ಸುಲಭವಾಗಿ ಬರೆದಿರಿ. ನಿಮ್ಮ ತಮ್ಮನ ಎಲೆತೋಟಕ್ಕೆ ಕಾಗದಪತ್ರ ಇದೆ.

ಸಂಘಮಿತ್ರಾ

*

ಸವಣೂರು
18 ಫೆಬ್ರವರಿ 2025

ಸಂಘಮಿತ್ರಾ,

ಅರ್ಜಿ ಬರೆದವಳು ನಾನು.

ನಿನ್ನ ನಕ್ಷೆ ಬಂದು ಮೂರನೇ ದಿನಕ್ಕೆ ಬರೆದೆ. ನೀರಲಕೊಪ್ಪದ ಕೆರೆಯನ್ನು ಹನ್ನೊಂದು ಜನ ಆಕ್ರಮಿಸಿದ್ದಾರೆ, ಶಾಲೆಯ ಮಕ್ಕಳು ಪುರಾವೆ ಸಮೇತ ಕಂಡುಹಿಡಿದಿದ್ದಾರೆ, ದಯವಿಟ್ಟು ಕೆರೆ ಉಳಿಸಿ ಎಂದು ಬರೆದು, ನಕ್ಷೆಯ ಪ್ರತಿ ಇಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ನನ್ನ ಹೆಸರು, ವಿಳಾಸ, ನಿವೃತ್ತ ಶಿಕ್ಷಕಿ ಎಂದು ಎಲ್ಲ ಇದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ನಿನಗೆ ಹೇಳದೆ ಮಾಡಿ, ಕೆರೆ ಉಳಿದ ಮೇಲೆ ಹೇಳಿ ಖುಷಿಪಡಿಸಬೇಕು ಎಂದುಕೊಂಡಿದ್ದೆ. ನಾನು ಕಲಿಸಿದ ಹುಡುಗಿ, ಅವಳು ಕಲಿಸಿದ ಮಕ್ಕಳು ಎಂದು ಎದೆ ಉಬ್ಬಿತ್ತು. ಎರಡು ದಿನ ಹಾಳೆ ನೋಡಿದೆ ಎಂದು ಬರೆದೆನಲ್ಲ, ನೋಡಿದ್ದು ಹೆಸರುಗಳನ್ನಷ್ಟೇ. ನೀನು ಖಾಲಿ ಬಿಟ್ಟ ಮೂಡಣ ದಂಡೆಯ ಮೇಲೆ ನನ್ನ ಕಣ್ಣು ಬೀಳಲೇ ಇಲ್ಲ.

ನಿನ್ನ ಫೆಬ್ರವರಿ ಏಳರ ಪತ್ರ ಬಂದಾಗಲೇ ಹೇಳಬೇಕಿತ್ತು. ಹೇಳಲಿಲ್ಲ. ದಿಲ್ಶಾದ ಗಟ್ಟಿಮುಟ್ಟಾಗಿದ್ದಾಳೆ, ಅವಳಿಗೆ ಏನೂ ಆಗಿರಲಿಲ್ಲ. ಅರುವತ್ತಾರು ವರ್ಷದ ಹೆಂಗಸು ಹೆದರಿಕೊಂಡು ಸುಳ್ಳು ಬರೆದೆ. ಆ ಹೆದರಿಕೆಗೆ 'ಸಹಿ ಹಾಕು' ಎಂದು ಗದರಿಸುವ ವೇಷ ಹಾಕಿದೆ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ನೀನು ಆ ಮಹಾಂತೇಶ ಅವರನ್ನು ಅವರು ಮಾಡದ ತಪ್ಪಿಗೆ ಅಂದೆ. ಅವರು ಬೇರೆ ತಪ್ಪು ಮಾಡಿದ್ದಾರೆ, ಇದನ್ನು ಮಾಡಿಲ್ಲ.

ಸಂತೆಯ ಸೌತೆಕಾಯಿ ನನಗೆ ನೆನಪಿದೆ. ಚೀಲದ ಹಿಂದೆ ನೀನಿದ್ದದ್ದೂ ಕಂಡಿತ್ತು. ಹುಡುಗಿಗೆ ನಾಚಿಕೆಯಾಗುತ್ತಿದೆ ಎಂದು ಮಾತನಾಡಿಸದೆ ಬಂದೆ. ಅವತ್ತು ಮಾತನಾಡಿಸಿ, ನಿಮ್ಮ ಹೊಲ ಎಲ್ಲಿ ಎಂದು ಕೇಳಿದ್ದರೆ ಇದು ನನಗೆ ಆಗಲೇ ತಿಳಿಯುತ್ತಿತ್ತು.

ಏನು ಮಾಡಬೇಕು ಹೇಳು.

ಗುಲ್ನಾರ

*

ನೀರಲಕೊಪ್ಪ
21 ಫೆಬ್ರವರಿ 2025

ಗುಲ್ನಾರ ಟೀಚರ್ ಅವರಿಗೆ,

25ನೇ ತಾರೀಖು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ಸವಣೂರಿನಿಂದ ಏಳರ ಬಸ್ಸು ಹಿಡಿದರೆ ಹಾನಗಲ್ಲಿಗೆ ಹೊತ್ತಿಗೆ ಮುಂಚೆ ಮುಟ್ಟುತ್ತೀರಿ. ನಿಮ್ಮ ಅರ್ಜಿಯ ಪ್ರತಿ ಮತ್ತು ರಿಜಿಸ್ಟರ್ ಚೀಟಿ ತನ್ನಿ. ಹನ್ನೊಂದು ಮನೆಯವರೂ ಅಲ್ಲಿರುತ್ತಾರೆ. ಅವರಿಗೆ ನಾನು ಮೊದಲೇ ಹೇಳುವುದಿಲ್ಲ. ನೀವೇ ಹೇಳಬೇಕು.

ಸಂಘಮಿತ್ರಾ

*

ನೀರಲಕೊಪ್ಪ
27 ಫೆಬ್ರವರಿ 2025

ಅಕ್ಕೋರಿಗೆ,

ಬಸ್ಸು ಹತ್ತುವಾಗ ನೀವು ನನ್ನ ಕೈ ಹಿಡಿದು, "ಅಲ್ಲೆ ಯಾರ್ಯಾರು ಏನೇನಂದ್ರು, ಒಂದೂ ಬಿಡದಂಗ ಬರದು ಕಳಸು. ನನಗ ಚೊಲೋ ಅನ್ನಸಲಿ ಅಂತ ತಿದ್ದಬ್ಯಾಡ," ಎಂದಿರಿ. ತಿದ್ದದೆ ಬರೆಯುತ್ತಿದ್ದೇನೆ.

ಮೊದಲು ಭಾನುವಾರದ ಮಾತು. ಅರ್ಧ ನಕ್ಷೆಗೆ ಸಹಿ ಹಾಕಬಾರದು, ಪೂರ್ತಿ ಮಾಡೋಣ ಎಂದು ಮಕ್ಕಳಿಗೆ ಹೇಳಿ ಕಳಿಸಿದ್ದೆ. ಮೂವತ್ತೊಂದರಲ್ಲಿ ಒಂಬತ್ತು ಜನ ಬಂದರು. ಉಳಿದವರನ್ನು ಮನೆಯಲ್ಲಿ ಬಿಡಲಿಲ್ಲ. ತಂತಿಬೇಲಿಯ ಹೊರಗಡೆಯಿಂದಲೇ ಅಳೆಯತೊಡಗಿದೆವು. ಒಳಗೆ ನಾಯಿಗಳು ನಮ್ಮ ಜೊತೆಗೇ ಬೇಲಿಯುದ್ದ ಬೊಗಳುತ್ತ ಬಂದವು, ಸಣ್ಣ ಹುಡುಗಿಯೊಬ್ಬಳು ಅತ್ತಳು. ಅಷ್ಟರಲ್ಲಿ ಕರೆವ್ವ ಬಂದಳು. ಮಾಲಾ ದೂರದಲ್ಲಿ ಏರಿಯ ಮೇಲೆ ನಿಂತಿದ್ದಳು. "ಹಗ್ಗ ನನ್ನ ಕೈಯಾಗ ಕೊಡ್ರಿ. ಹುಡುಗಿ ಕೈಯಾಗ ಬ್ಯಾಡ," ಎಂದಳು ಕರೆವ್ವ. ಕೊಟ್ಟೆ. ಕೆರೆಯ ಹಳೆಯ ಗಡಿಕಲ್ಲು ಬೇಲಿಯೊಳಗೆ ಎಲ್ಲಿದೆ ಎಂದು ಅಜ್ಜಪ್ಪ ಕೋಲು ಚಾಚಿ ತೋರಿಸಿದ. ಮಕ್ಕಳು ಬೇಲಿಗೂ ಕಲ್ಲಿಗೂ ನಡುವಿನ ಜಾಗ ಲೆಕ್ಕ ಹಾಕಿದರು. ಮೂರು ಎಕರೆ ಹತ್ತು ಗುಂಟೆ. ಹನ್ನೊಂದು ಪಟ್ಟಿ ಕೂಡಿಸಿದರೂ ಒಂದು ಎಕರೆ ಇಪ್ಪತ್ತಾರು ಗುಂಟೆ ಆಗುತ್ತದೆ.

ಇನ್ನು ಮಂಗಳವಾರ. ತಹಶೀಲ್ದಾರ ಸಾಹೇಬರು ನನ್ನನ್ನು ಕೇಳಿದ್ದು, "ಈ ನಕ್ಷೆ ಸರಿ ಐತೇನ್ರಿ?" ನಾನು, "ಅರ್ಧ ಸರಿ ಐತ್ರಿ. ಉಳಿದ ಅರ್ಧ ಇಲ್ಲೈತಿ," ಎಂದು ಹೊಸದನ್ನು ಮುಂದಿಟ್ಟೆ. ಬೇಲಿ ಅಳೆದ ಸುದ್ದಿ ತಿಳಿದು ಮಹಾಂತೇಶ ಅವರು ಕರೆತಂದಿದ್ದ ವಕೀಲರು, ಮಕ್ಕಳು ಮಾಡಿದ ನಕ್ಷೆಗೆ ಕಾನೂನಿನಲ್ಲಿ ಬೆಲೆ ಇಲ್ಲ ಎಂದರು. ಸಾಹೇಬರು, "ಹಂಗಾದ್ರ ಮದಲಿನದಕ್ಕೂ ಇಲ್ಲ ಅಲ್ರಿ?" ಎಂದರು. ಆಗ ವಕೀಲರು ಕುಳಿತರು.

ಆಮೇಲೆ ಅರ್ಜಿದಾರರು ಯಾರು ಎಂದು ಕೂಗಿದರು. ನಾನು ಸನ್ನೆ ಮಾಡಿದೆ, ನೀವು ಎದ್ದಿರಿ. ನೀವು ಓದಿದ್ದು ಎಷ್ಟು ಜೋರಾಗಿತ್ತೆಂದರೆ ಹೊರಗಿನ ಅಂಗಳದಲ್ಲಿ ನಿಂತವರೂ ಒಳಗೆ ಬಂದರು. ಸಾಹೇಬರು ಎರಡು ಸಲ, "ಮೆತ್ತಗ ಹೇಳ್ರಿ ಅಮ್ಮ," ಎಂದರು. ನಿಮಗೆ ಕೇಳಿಸಲಿಲ್ಲ, ಓದುತ್ತಲೇ ಹೋದಿರಿ. "ಬೇಸಿಗೆ ಬೆಳೆಯುವವರು ಯಾರು, ಕೆರೆ ನುಂಗುವವರು ಯಾರು ಎಂದು ವಿಚಾರಿಸದೆ ಬರೆದೆ. ಈ ಹನ್ನೊಂದು ಜನರ ಮೇಲಿನ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತಪ್ಪು ನನ್ನದು." ಹಿಂದಿನ ಬೆಂಚಿನಲ್ಲಿ ಒಬ್ಬರು, "ಕಿವುಡ ಮುದುಕಿ, ಎರಡು ತಾಲೂಕಿನ ಉಸಾಬರಿ ಮಾಡ್ತಾಳ," ಎಂದರು. ಕೆಲವರು ನಕ್ಕರು.

ಇನ್ನೊಂದು ಮಾತಿದೆ. ಬರೆಯಲೋ ಬೇಡವೋ ಎಂದು ನಿನ್ನೆ ಪೂರ್ತಿ ಯೋಚಿಸಿದೆ. ನೀವು ತಪ್ಪು ನನ್ನದು ಎಂದಾಗ ಕರೆವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ನಿಮ್ಮನ್ನು ನೋಡುತ್ತ ಸಣ್ಣ ದನಿಯಲ್ಲಿ, "ಒಪ್ಪಿಕೊಂಡ್ರ ಹಸಿ ವಾಪಸ್ ಬರತೈತೇನು?" ಎಂದಳು. ನೀವು ಅವಳ ಕಡೆ ನೋಡಿ ತಲೆ ಆಡಿಸಿದಿರಿ. ಅವಳು ಕ್ಷಮಿಸಿದಳು ಎಂದು ತಿಳಿದಿರಬೇಕು. ಅವಳು ಅಂದದ್ದು ಇದು.

ಆದೇಶ ಕಾಯ್ದಿರಿಸಿದ್ದಾರೆ. ಯಾವಾಗ ಬರುತ್ತದೋ ಗೊತ್ತಿಲ್ಲ. ನನಗೆ ಬೇರೆ ಆದೇಶ ಬೇಗನೆ ಬಂತು. ಸೋಮವಾರದಿಂದ ಶಿಗ್ಗಾಂವಿ ತಾಲೂಕಿನ ದುಂಡಸಿಗೆ ಹೋಗಬೇಕು. ಅಲ್ಲಿ ವಿಜ್ಞಾನಕ್ಕೆ ಶಿಕ್ಷಕರಿಲ್ಲ ಎಂದು ಕಾರಣ ಬರೆದಿದ್ದಾರೆ. ಹೋಗುವ ಮುಂಚೆ ಮಹಾಂತೇಶ ಅವರ ಮನೆಗೆ ಹೋಗಿ, ನಕ್ಷೆ ಕೊಟ್ಟವರು ನೀವಲ್ಲ, ಅಂದಿದ್ದು ತಪ್ಪಾಯಿತು ಎಂದೆ. "ಬೇಲಿ ಅಳದದ್ದು?" ಎಂದು ಕೇಳಿದರು. ಅದು ತಪ್ಪಲ್ಲ ಎಂದೆ. ಚಹಾ ಕೊಡಲಿಲ್ಲ.

ಸಂಘಮಿತ್ರಾ

*

ದುಂಡಸಿ, ತಾ. ಶಿಗ್ಗಾಂವಿ
12 ಮಾರ್ಚ್ 2025

ಅಕ್ಕೋರಿಗೆ,

ಆದೇಶ ಬಂತಂತೆ. ಇಡೀ ಕೆರೆಯನ್ನು ಸರ್ವೇ ಮಾಡಬೇಕು, ಅಲ್ಲಿಯತನಕ ಹನ್ನೊಂದು ಜನ ಎಂದಿನಂತೆ ಬೇಸಿಗೆ ಬೆಳೆ ಮಾಡಬಹುದು ಎಂದಿದೆ. ಅಜ್ಜಪ್ಪ ಯಾರದೋ ಮೊಬೈಲಿನಿಂದ ಹೇಳಿದ. ಸಂತೋಷದ ದನಿ ಇರಲಿಲ್ಲ. ಮೇಲಿನ ಅಂಚು ಬಿರುಕು ಬಿಟ್ಟಿದೆ ಎಂದು ಹೇಳಿ ಇಟ್ಟುಬಿಟ್ಟ.

ಕರೆವ್ವ ಮಾಲಾಳನ್ನು ಕರೆದುಕೊಂಡು ದಿನಾ ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಾಳೆ. ಒಂಬತ್ತನೇ ಈಯತ್ತೆಯ ಪರೀಕ್ಷೆ ಹದಿನೇಳಕ್ಕೆ ಶುರು. ಬರೆಯದಿದ್ದರೆ ಹತ್ತಕ್ಕೆ ಹೋಗುವುದಿಲ್ಲ. ನಾನು ನೀರಲಕೊಪ್ಪಕ್ಕೆ ಕಾಲಿಟ್ಟರೆ ಅವರಿಗೇ ತೊಂದರೆ ಎಂದು ಹೆಡ್‌ಮಾಸ್ತರರು ಎಚ್ಚರಿಸಿದ್ದಾರೆ.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ನನ್ನ ಮೇಲಿನದೂ ಹೋಗಿಲ್ಲ. ನೀವು ಹೋಗಿ ಬನ್ನಿ ಎಂದು ಕೇಳುವುದಿಲ್ಲ.

ಸಂಘಮಿತ್ರಾ

*

ನೀರಲಕೊಪ್ಪ
20 ಮಾರ್ಚ್ 2025

ಸಂಘಮಿತ್ರಾ,

ಇದನ್ನು ಕರೆವ್ವನ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿಗೆ ಬಂದಿದ್ದು ಇವತ್ತಿಗೆ ಮೂರನೇ ಸಲ.

ಮೊದಲ ಸಲ ಹದಿನಾರಕ್ಕೆ ಬಂದಾಗ ಸಂಜೆ ಅವರು ಬ್ಯಾಡಗಿಯಿಂದ ಬರುವ ತನಕ ಕಾದೆ. ಇಬ್ಬರ ಕೈಯೂ ಖಾರ ಹತ್ತಿ ಕೆಂಪಾಗಿತ್ತು. ಮಾಲಾ ಕಣ್ಣಿಗೆ ಕೈ ತಾಗಿಸದೆ ಮೊಣಕೈಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಎಂಟು ಮನೆಯವರು ಬಿತ್ತಿದ್ದಾರೆ, ಮೇಲಿನ ಮೂರು ಪಟ್ಟಿ ಗಟ್ಟಿಯಾಗಿ ಹೋಗಿವೆ. ಅದರಲ್ಲಿ ಕರೆವ್ವನದೂ ಒಂದು. ಹುಡುಗಿಯನ್ನು ನನ್ನ ಮನೆಗೆ ಕಳಿಸು, ಸವಣೂರಿನಲ್ಲಿ ಇಟ್ಟುಕೊಂಡು ಹತ್ತನೇ ಈಯತ್ತೆ ಓದಿಸುತ್ತೇನೆ ಎಂದೆ. ಕರೆವ್ವ ಏನೋ ಅಂದಳು, ಕೇಳಿಸಲಿಲ್ಲ. ಮಾಲಾ ನನ್ನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: "ನಿಮ್ಮನ್ಯಾಗ ಬಿಟ್ಟರ ಮತ್ತ ಏನು ಬರಸ್ತೀರಿ?" ಹೀಗಾಗಿ ಅವತ್ತು ಬಂದ ದಾರಿಗೆ ಹೋದೆ.

ಎರಡನೇ ಸಲ ಹದಿನೆಂಟಕ್ಕೆ ಬಂದೆ. ಅಷ್ಟರಲ್ಲಿ ಎರಡು ಪೇಪರು ಆಗಿಹೋಗಿದ್ದವು. ಹೆಡ್‌ಮಾಸ್ತರರನ್ನು ಕಂಡೆ. ತಪ್ಪಿದ ಪೇಪರನ್ನು ಕೊನೆಗೆ ಬರೆಸಬಹುದು, ಉಳಿದವಕ್ಕಾದರೂ ಬರಬೇಕು ಎಂದರು. ಅವರೂ ಈಗ ಕಿಟಕಿಯನ್ನಲ್ಲ, ನನ್ನನ್ನು ನೋಡಿ ಮಾತನಾಡಿದರು, ನನ್ನ ದನಿಗೆ ಹೆದರಿರಬೇಕು. ಕರೆವ್ವನಿಗೆ ಕೇಳಿದೆ, ನಿನಗೆ ನಾನೇನು ಮಾಡಬೇಕು ಹೇಳು ಎಂದು. "ಆ ಕಚೇರಿ ಕಾಗದದಾಗಿಂದ ನನ್ನ ಹೆಸರು ತಗಸ್ರಿ. ಆಮ್ಯಾಲ ಹುಡುಗಿ ಮಾತು," ಎಂದು ಬರೆಸಿದಳು.

ನಿನ್ನೆ ಕಚೇರಿಗೆ ಹೋದೆ. ಮಧ್ಯಾಹ್ನದ ತನಕ ಕೂತೆ. ಒಮ್ಮೆ ಫೈಲಿಗೆ ಸೇರಿದ ಹೆಸರನ್ನು ತೆಗೆಯಲು ಬರುವುದಿಲ್ಲ, ದೂರು ಹಿಂತೆಗೆದುಕೊಳ್ಳಲಾಗಿದೆ ಎಂದು ಪಕ್ಕದಲ್ಲಿ ಬರೆಯಬಹುದು, ಅಷ್ಟೇ ಎಂದರು. ಬರೆಸಿ, ಮೊಹರು ಹಾಕಿಸಿಕೊಂಡು ಬಂದೆ.

ಇವತ್ತು ಬಸ್ಸಿನಲ್ಲಿ ಬರುವಾಗ ಹೆಸರು ತೆಗೆಸಿದ್ದೇನೆ ಎಂದು ಹೇಳಿಬಿಡೋಣ ಎನಿಸಿತ್ತು. ಕರೆವ್ವನಿಗೆ ಓದಲು ಬರುವುದಿಲ್ಲ, ಹುಡುಗಿಯ ಪರೀಕ್ಷೆ ಉಳಿಯುತ್ತದೆ. ಇಳಿಯುವ ತನಕ ಅದನ್ನೇ ಗಟ್ಟಿ ಮಾಡಿಕೊಂಡಿದ್ದೆ. ಅವಳ ಮುಂದೆ ಕೂತ ಮೇಲೆ ಬಾಯಿಗೆ ಬರಲಿಲ್ಲ. ಹೆಸರು ಹೋಗಿಲ್ಲ, ಹೋಗುವುದೂ ಇಲ್ಲ, ಪಕ್ಕದಲ್ಲಿ ಇಷ್ಟು ಬರೆಸಿದ್ದೇನೆ ಎಂದು ಕಾಗದ ಕೊಟ್ಟೆ. ಅವಳು ಅದನ್ನು ಮಾಲಾಳ ಕೈಗೆ ಕೊಟ್ಟು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಒಲೆಗೆ ಕಟ್ಟಿಗೆ ಹಾಕಿದಳು.

ಕೊನೆಗೆ ಅವಳು ನನ್ನ ಹತ್ತಿರ ಬಂದು, ಕಿವಿಗೆ ಬಾಯಿ ಹಚ್ಚಿ ಜೋರಾಗಿ ಹೇಳಿದಳು. ಒಂದೊಂದು ಅಕ್ಷರವೂ ಕೇಳಿಸಿತು. "ಪರೀಕ್ಷಾಕ ಕಳಸ್ತೇನಿ. ಇನ್ನ ಮ್ಯಾಲ ಅಕಿ ಏನ ಬರದರೂ, ನೀವು ಏನ ಬರದರೂ, ಮದಲ ನನ್ನ ಮುಂದ ಓದಬೇಕು. ನಾ ಹೂಂ ಅಂದ ಮ್ಯಾಲ ಊರು ದಾಟಬೇಕು." ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದೆ ಸಂಘಮಿತ್ರಾ, ಈ ಒಂದು ಮಾತು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ನೀನು ದುಂಡಸಿಯ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವೆಯಾದರೆ ಮೊದಲ ದಿನವೇ ಇದನ್ನು ಹೇಳು.

ಇಷ್ಟು ಬರೆದು ನಿಲ್ಲಿಸಿ ಪೆನ್ನು ಕೆಳಗಿಟ್ಟೆ. ಈ ಪತ್ರವನ್ನೂ ಮಾಲಾ ಅವರವ್ವನಿಗೆ ಮೊದಲಿನಿಂದ ಓದಿ ಹೇಳಿದಳು. ಕರೆವ್ವ ಎರಡು ಕಡೆ ತಪ್ಪು ಹಿಡಿದಳು. ಬೆಳೆ ಎದ್ದದ್ದು ಎಂಟು ಮನೆಯದಲ್ಲ, ಏಳು ಮನೆಯದು. ಅಜ್ಜಪ್ಪನ ಬೀಜ ಮೊಳೆತಿಲ್ಲ. ಎರಡನೆಯದಕ್ಕೆ ಮಾಲಾ ತಲೆ ತಗ್ಗಿಸಿ ಅವ್ವನ ಮಾತನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: "ಪರೀಕ್ಷಾಕ ಕಳಸ್ತೇನಿ ಅಂತ ಬರೀಬ್ಯಾಡ್ರಿ. ನಾಳಿ ಒಂದು ದಿನ ಕಳಸ್ತೇನಿ ಅಂತ ಬರೀರಿ. ನಾಡದು ಮತ್ತ ಬಂದು ಕೇಳ್ರಿ."

ಹಾಗೇ ಬರೆದಿದ್ದೇನೆ. ಹೂಂ ಅಂದಿದ್ದಾಳೆ. ನಾಡಿದ್ದು ಏಳರ ಬಸ್ಸಿಗೆ ಬರುತ್ತೇನೆ.

ಗುಲ್ನಾರ